ವರ್ಷಕ್ಕೆ ತೊಂಬತ್ತು ರಾತ್ರಿ

(ಅಂತಿಮ ಬಿ. ಎ., ಅರ್ಥಶಾಸ್ತ್ರ)

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅವರ ಕಾಲದಲ್ಲಿ ಬಾಡಿಗೆಯೆಂದರೆ ತಿಂಗಳ ಲೆಕ್ಕ, ವರ್ಷದ ಲೆಕ್ಕ. ಅದರಲ್ಲಿ ಅಷ್ಟೊಂದು ತೊಡಕು ಇದ್ದಿರಲಾರದು. ಈಗ ಬಾಡಿಗೆಯು ರಾತ್ರಿಯ ಲೆಕ್ಕಕ್ಕೆ ಇಳಿದಿದೆ. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಏರ್‌ಬಿಎನ್‌ಬಿ ಎಂಬ ಸಂಸ್ಥೆ ಹುಟ್ಟಿತು. ಮನೆಯಲ್ಲಿ ಒಂದು ಕೋಣೆ ಬರಿದಾಗಿ ಇದ್ದವನು, ಇಲ್ಲವೆ ತಾನೇ ಪರವೂರಿಗೆ ಹೋದುದರಿಂದ ಮನೆಯೆಲ್ಲ ಬರಿದಾಗಿ ಇದ್ದವನು, ಅದನ್ನು ಅಪರಿಚಿತನಾದ ಪ್ರವಾಸಿಗೆ ಎರಡು ಮೂರು ರಾತ್ರಿಗಳ ಮಟ್ಟಿಗೆ ಬಾಡಿಗೆಗೆ ಕೊಡುವುದಕ್ಕೆ ಈ ಸಂಸ್ಥೆಯೂ ಇದರಂಥ ಬೇರೆ ಜಾಲತಾಣಗಳೂ ದಾರಿ ಮಾಡಿಕೊಟ್ಟುವು. ಹೀಗೆ ಕೊಡುವವನನ್ನು ಈ ಲೇಖನದಲ್ಲಿ ಆತಿಥೇಯನೆಂದು ಕರೆಯೋಣ. ಹಣ ತೆಗೆದುಕೊಂಡು ಸತ್ಕಾರ ಮಾಡುವವನಿಗೆ ಈ ಹೆಸರು ಹೇಗೆ ಸಲ್ಲುವುದು ಎಂದು ನಮ್ಮ ಅಜ್ಜಿ ಕೇಳಿಯಾಳು. ಆದರೆ ಇದಕ್ಕಿಂತ ಒಳ್ಳೆಯ ಶಬ್ದ ನನಗೆ ಸಿಕ್ಕಲಿಲ್ಲ.

ಇಂಥ ಬಾಡಿಗೆ ಹೆಚ್ಚಿದಂತೆ ದೊಡ್ಡ ನಗರಗಳಿಗೆ ಒಂದು ಭಯ ಹುಟ್ಟಿತು. ಊರಿನವರು ವಾಸಿಸಬೇಕಾದ ಮನೆಗಳೆಲ್ಲ ಪ್ರವಾಸಿಗಳ ಛತ್ರಗಳಾಗಿಬಿಟ್ಟರೆ ಊರಿನವರು ಎಲ್ಲಿಗೆ ಹೋಗಬೇಕು? ಹಾಗೆಂದು ಪೂರ್ತಿಯಾಗಿ ನಿಷೇಧಿಸಿದರೆ, ಬೇಸಗೆಯಲ್ಲಿ ಎರಡು ವಾರ ಊರಿಗೆ ಹೋಗುವಾಗ ಮನೆಯನ್ನು ಕೊಟ್ಟು ನಾಲ್ಕು ಕಾಸು ಸಂಪಾದಿಸುವ ಬಡ ಗೃಹಸ್ಥನಿಗೆ ಅನ್ಯಾಯ. ಈ ಎರಡರ ನಡುವೆ ಹುಟ್ಟಿದ ಉಪಾಯವೇ ವಾರ್ಷಿಕ ರಾತ್ರಿಮಿತಿ. ವರ್ಷಕ್ಕೆ ಇಂತಿಷ್ಟು ರಾತ್ರಿ ಮಾತ್ರ ಕೊಡಬಹುದು, ಮೀರಿದರೆ ತಪ್ಪು. ಈ ಸಂಖ್ಯೆ ಒಂದೊಂದು ಊರಿನಲ್ಲಿ ಒಂದೊಂದು ತೆರ. ಅದು ಆತಿಥೇಯನ ಮೇಲೆ ಮಾಡುವ ಪರಿಣಾಮವೇನು ಎಂಬುದನ್ನು ಲಂಡನ್ ನಗರವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿಚಾರಿಸುತ್ತೇನೆ.

ಲಂಡನ್ನಿನ ಮಿತಿ 90 ರಾತ್ರಿ. ಇದನ್ನು ಕೇಳಿದವರೆಲ್ಲ ಇದೊಂದು ನಿರ್ಬಂಧವೆಂದು ತಿಳಿಯುವರು. ಆದರೆ ಇದು ಹುಟ್ಟಿದ್ದು ಸಡಿಲಿಕೆಯಾಗಿ. 1973ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲಿಗಾಗಿ ಆದ ಶಾಸನವೊಂದು, ವಾಸದ ಮನೆಯನ್ನು ತಾತ್ಕಾಲಿಕ ವಸತಿಯಾಗಿ ಉಪಯೋಗಿಸಿದರೆ ಅದು ಮನೆಯ ಉಪಯೋಗವನ್ನೇ ಬದಲಾಯಿಸಿದಂತೆ, ಅದಕ್ಕೆ ನಗರಯೋಜನೆಯ ಅನುಮತಿ ಬೇಕು ಎಂದು ವಿಧಿಸಿತ್ತು. ತಾತ್ಕಾಲಿಕವೆಂದರೆ ಒಬ್ಬನೇ ಮನುಷ್ಯನು ಒಂದೇ ಸಮನೆ 90 ರಾತ್ರಿಗಿಂತ ಕಡಿಮೆ ಇರುವುದು. ಶಾಸನದ ಅಕ್ಷರವನ್ನೇ ಹಿಡಿದರೆ, ಒಂದು ವಾರ ಮನೆ ಕೊಟ್ಟವನೂ ಅನುಮತಿ ಕೇಳಬೇಕಾಗಿತ್ತು. ನಲವತ್ತು ವರ್ಷಗಳ ಬಳಿಕ, 2015ರ ನಿಯಂತ್ರಣ ಸಡಿಲಿಕೆಯ ಶಾಸನವು ಇದನ್ನು ತಿದ್ದಿತು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಎಲ್ಲ ಅತಿಥಿಗಳ ರಾತ್ರಿಗಳನ್ನು ಕೂಡಿಸಿದರೆ 90 ಮೀರದಿದ್ದಲ್ಲಿ, ಕೊಡುವವನು ಕೌನ್ಸಿಲ್ ತೆರಿಗೆ ಕಟ್ಟತಕ್ಕವನಾಗಿದ್ದಲ್ಲಿ, ಅನುಮತಿ ಬೇಡ.

ಇಲ್ಲಿ ಎರಡು ತೊಂಬತ್ತುಗಳಿವೆ. ವಾಚಕರು ಒಂದನ್ನು ಇನ್ನೊಂದೆಂದು ತಿಳಿಯಬಾರದು. ಮೊದಲನೆಯದು ಒಬ್ಬ ಅತಿಥಿಯ ವಾಸದ ಉದ್ದ. ಅದಕ್ಕಿಂತ ಹೆಚ್ಚು ಕಾಲ ಇರುವವನು ಅತಿಥಿಯೇ ಅಲ್ಲ, ಬಾಡಿಗೆದಾರ. ಎರಡನೆಯದು ಇಡೀ ವರ್ಷದ ಮೊತ್ತ. ಆದುದರಿಂದ ಒಬ್ಬನೇ ವಿದ್ಯಾರ್ಥಿಗೆ ನಾಲ್ಕು ತಿಂಗಳು ಮನೆ ಕೊಟ್ಟರೆ ಅದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಈ ಸಣ್ಣ ಸೂಕ್ಷ್ಮವು ಮುಂದೆ ಆತಿಥೇಯರಿಗೆ ದೊಡ್ಡ ದಾರಿಯಾಯಿತು.

2015ರ ಈ ನಿಯಮವನ್ನು ಎಣಿಸಿ ನೋಡುವವರು ಮೊದಮೊದಲು ಹೆಚ್ಚು ಮಂದಿ ಇರಲಿಲ್ಲ. 2017ರ ಆರಂಭದಿಂದ ಏರ್‌ಬಿಎನ್‌ಬಿಯು ಲಂಡನ್ನಿನಲ್ಲಿ ಪೂರ್ತಿ ಮನೆಗಳ ಪ್ರಕಟಣೆಗಳಿಗೆ ಯಂತ್ರದ ಬೀಗ ಹಾಕಿತು. ತೊಂಬತ್ತನೆಯ ರಾತ್ರಿ ತುಂಬಿದೊಡನೆ, ಅನುಮತಿಯ ಆಧಾರ ತೋರಿಸದವನ ಪಂಚಾಂಗ ಮುಂದಿನ ಜನವರಿಯವರೆಗೆ ತಾನಾಗಿಯೇ ಮುಚ್ಚಿಕೊಳ್ಳುವುದು.

ಈ ಬೀಗ ಯಾರನ್ನು ಎಷ್ಟು ತಟ್ಟುವುದು? ಲೆಕ್ಕದ ಅನುಕೂಲಕ್ಕಾಗಿ ನಾನೇ ಕಲ್ಪಿಸಿದ ಕೆಲವು ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದು ಮನೆಯನ್ನು ತಿಂಗಳ ಬಾಡಿಗೆಗೆ ಕೊಟ್ಟರೆ 1,500 ಪೌಂಡ್, ಅಂದರೆ ವರ್ಷಕ್ಕೆ 18,000 ಪೌಂಡ್ ಬರುವುದೆಂದು ಇಟ್ಟುಕೊಳ್ಳಿ. ಅದೇ ಮನೆಯನ್ನು ರಾತ್ರಿಯ ಲೆಕ್ಕದಲ್ಲಿ ಕೊಟ್ಟರೆ, ಜಾಲತಾಣದ ದಳ್ಳಾಳಿ, ಹಾಸಿಗೆ ಬಟ್ಟೆಯ ಒಗೆತ, ಗುಡಿಸಿ ಒರೆಸುವ ಕೂಲಿ ಎಲ್ಲವನ್ನೂ ಕಳೆದು ರಾತ್ರಿಗೆ 100 ಪೌಂಡ್ ಉಳಿಯಲಿ. ಮಿತಿಯಿಲ್ಲದೆ 250 ರಾತ್ರಿ ಕೊಟ್ಟವನಿಗೆ 25,000 ಬರುವುದು. ಬಾಡಿಗೆದಾರನನ್ನು ಬಿಡಿಸಿ ಪ್ರವಾಸಿಯನ್ನು ತಂದುದು ಲಾಭವಾಯಿತು. 180 ರಾತ್ರಿಗಾದರೆ ಎರಡೂ ಸಮ. 90ಕ್ಕೆ ನಿಲ್ಲಿಸಿದರೆ 9,000, ಅರ್ಧಕ್ಕರ್ಧ ನಷ್ಟ. ಆಗ ಅವನು ಮನೆಯನ್ನು ಮತ್ತೆ ಊರಿನವರಿಗೇ ಬಾಡಿಗೆಗೆ ಕೊಡುವನು. ರಾತ್ರಿಮಿತಿಯ ಗುಟ್ಟೆಲ್ಲ ಇಷ್ಟೇ. ಅದು ಯಾರನ್ನೂ ಹಿಡಿದು ದಂಡಿಸಲು ಹೊರಟದ್ದಲ್ಲ. ಛತ್ರದ ವ್ಯಾಪಾರವು ಬಾಡಿಗೆಯ ವ್ಯಾಪಾರಕ್ಕಿಂತ ಲಾಭವಾಗದಂತೆ ತಕ್ಕಡಿಯನ್ನು ಸ್ವಲ್ಪ ವಾಲಿಸುವುದು ಅದರ ಉದ್ದೇಶ.

ಈಗ ಇದೇ ಮನೆ ಒಡೆಯನ ಸ್ವಂತ ವಾಸದ ಮನೆಯೆಂದು ತಿಳಿಯೋಣ. ಅವನು ವರ್ಷದಲ್ಲಿ ಆರು ವಾರ ಹೊರಗಿರುವನು. ಅವನಿಗೆ ತಿಂಗಳ ಬಾಡಿಗೆಯ ದಾರಿ ಇಲ್ಲವೇ ಇಲ್ಲ, ತಾನೇ ಅಲ್ಲಿರಬೇಕಲ್ಲ! ಅವನು ಕೊಡಬಲ್ಲುದೇ ನಲವತ್ತು ರಾತ್ರಿ. ಬಂದ ನಾಲ್ಕು ಸಾವಿರವೂ ಅವನಿಗೆ ಲಾಭ. ತೊಂಬತ್ತರ ಮಿತಿ ಇವನಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 1973ರ ಶಾಸನದ ಹೆದರಿಕೆ ತಪ್ಪಿತೆಂದು ಅವನು ಸಂತೋಷಪಡಬಹುದು. ಒಂದೇ ಸಂಖ್ಯೆ ಒಬ್ಬನ ಆದಾಯವನ್ನು ಅರ್ಧ ಮಾಡಿತು, ಇನ್ನೊಬ್ಬನನ್ನು ಮುಟ್ಟಲೂ ಇಲ್ಲ. ಇದು ನ್ಯಾಯವೆಂದೇ ನನಗೆ ತೋರುವುದು.

ಕಷ್ಟವಿರುವುದು ಇವರಿಬ್ಬರ ನಡುವೆ ನಿಂತವರದು. ಉದ್ಯೋಗಕ್ಕಾಗಿ ವರ್ಷದಲ್ಲಿ ಏಳೆಂಟು ತಿಂಗಳು ಬೇರೆ ಊರಿನಲ್ಲಿದ್ದು, ಆಗಾಗ ಮನೆಗೆ ಹಿಂದಿರುಗುವವನು ಇದ್ದಾನೆ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಆಕೆಯ ಮನೆಗೆ ಹೋಗಿ ನಿಂತ ಮಗಳಿದ್ದಾಳೆ. ಎಂದು ಹಿಂದಿರುಗಬೇಕಾಗುವುದೋ ಆಕೆಗೇ ತಿಳಿಯದು. ಇಂಥವರು ವರ್ಷದ ಕರಾರಿಗೆ ಮನೆ ಕೊಡಲಾರರು. ಮನೆಯ ಮೇಲಿನ ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಬರುವುದು. ತೊಂಬತ್ತು ರಾತ್ರಿ ಮುಗಿದ ಮೇಲೆ ಇವರ ಮನೆಯಿಂದ ಪ್ರವಾಸಿಗೂ ಪ್ರಯೋಜನವಿಲ್ಲ, ಬಾಡಿಗೆದಾರನಿಗೂ ಪ್ರಯೋಜನವಿಲ್ಲ. ಅದು ಬೀಗ ಹಾಕಿಕೊಂಡು ಕುಳಿತಿರುವುದು. ನಗರಕ್ಕೆ ಇದರಿಂದ ಒಂದು ಮನೆಯೂ ಹೆಚ್ಚಾಗಿ ಸಿಕ್ಕಲಿಲ್ಲ. ವ್ಯಾಪಾರಿಯನ್ನು ಹಿಡಿಯಲು ಬೀಸಿದ ಬಲೆಗೆ ಇವರು ಬಿದ್ದರು.

ರಾತ್ರಿಗಳು ಎಣಿಸಿ ಸಿಕ್ಕುವಾಗ ಆತಿಥೇಯನು ಅವನ್ನು ಪಡಿತರದ ಅಕ್ಕಿಯಂತೆ ಖರ್ಚು ಮಾಡತೊಡಗುವನು. ಫೆಬ್ರವರಿಯ ಚಳಿಯಲ್ಲಿ ಅಗ್ಗಕ್ಕೆ ಕೊಟ್ಟ ಒಂದು ರಾತ್ರಿ, ಜುಲೈ ತಿಂಗಳ ಒಂದು ದುಬಾರಿ ರಾತ್ರಿಯನ್ನು ತಿಂದುಹಾಕುವುದು. ಆದುದರಿಂದ ಚಳಿಗಾಲದಲ್ಲಿ ಬಾಗಿಲು ಮುಚ್ಚಿ, ವಿಂಬಲ್ಡನ್ ಟೆನಿಸಿನ ಸಮಯಕ್ಕೂ ಬೇಸಗೆಯ ರಜಕ್ಕೂ ಕ್ರಿಸ್‌ಮಸ್ಸಿಗೂ ರಾತ್ರಿಗಳನ್ನು ಕೂಡಿಡುವುದು ಜಾಣತನವಾಗುತ್ತದೆ. ವರ್ಷಕ್ಕೆ ಮುನ್ನೂರು ರಾತ್ರಿ ಕೊಟ್ಟರೂ ತೊಂಬತ್ತು ಕೊಟ್ಟರೂ ಮಂಚ, ಹಾಸಿಗೆ, ವಿಮೆ, ಬೆಂಕಿಯ ಎಚ್ಚರಿಕೆಯ ಸಾಮಾನು ಇವುಗಳ ವೆಚ್ಚ ಹೆಚ್ಚು ಕಡಿಮೆ ಒಂದೇ. ಅದನ್ನೆಲ್ಲ ತೊಂಬತ್ತರ ಮೇಲೆಯೇ ಹಂಚಬೇಕು.

ಉಳಿದ ಒಂಬತ್ತು ತಿಂಗಳಿಗೆ ಆತಿಥೇಯನು ಏನು ಮಾಡಬಹುದು? ಮೇಲೆ ಹೇಳಿದ ಮೊದಲನೆಯ ತೊಂಬತ್ತು ಇಲ್ಲಿ ಅವನ ಸಹಾಯಕ್ಕೆ ಬರುವುದು. ಮೂರು ತಿಂಗಳಿಗಿಂತ ಹೆಚ್ಚು ಇರುವ ವಿದ್ಯಾರ್ಥಿ, ವರ್ಗವಾಗಿ ಬಂದ ಉದ್ಯೋಗಸ್ಥ, ಇಂಥವರಿಗೆ ಕೊಟ್ಟರೆ ಲೆಕ್ಕಕ್ಕೆ ಬಾರದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2021ರ ನವೆಂಬರಿನಿಂದ ಸಿಡ್ನಿ ಮೊದಲಾದ ಕಡೆ ಒಡೆಯನಿಲ್ಲದ ಮನೆಗೆ 180 ದಿನದ ಮಿತಿ ಬಂದಾಗ, ಒಂದೇ ಸಮನೆ 21 ದಿನ ಅಥವಾ ಅದಕ್ಕೂ ಹೆಚ್ಚು ಇರುವ ಅತಿಥಿಯನ್ನು ಆ ಲೆಕ್ಕದಿಂದ ಬಿಟ್ಟರು. ಹೀಗೆ ಮಿತಿಯು ಮನೆಯೊಡೆಯನನ್ನು ಎರಡು ರಾತ್ರಿಯ ಪ್ರವಾಸಿಯಿಂದ ಎರಡು ಮೂರು ತಿಂಗಳ ವಾಸಿಯ ಕಡೆಗೆ ತಳ್ಳುವುದು. ಇದು ನಿಜವಾದ ಬಾಡಿಗೆದಾರನಿಗೆ ಸಿಕ್ಕಿದಂತೆಯೂ ಅಲ್ಲ, ಸಿಕ್ಕದಂತೆಯೂ ಅಲ್ಲ.

ಇನ್ನೊಂದು ವಿಷಯವನ್ನು ಲಂಡನ್ನಿನ ಆತಿಥೇಯರು ಕಷ್ಟಪಟ್ಟು ಕಲಿತರು. ಅಲ್ಲಿ ಅಪಾರ್ಟ್‌ಮೆಂಟಿನ ಒಡೆತನವೆಂದರೆ ಸಾಮಾನ್ಯವಾಗಿ ದೀರ್ಘಾವಧಿಯ ಗುತ್ತಿಗೆ. ಗುತ್ತಿಗೆ ಪತ್ರದಲ್ಲಿ ಮನೆಯನ್ನು ಖಾಸಗಿ ವಾಸಕ್ಕೆ ಮಾತ್ರ ಉಪಯೋಗಿಸತಕ್ಕದ್ದೆಂಬ ಷರತ್ತಿದ್ದ ಒಬ್ಬ ಮಹಿಳೆ ತಮ್ಮ ಮನೆಯನ್ನು ದಿನ, ವಾರಗಳ ಲೆಕ್ಕದಲ್ಲಿ ಕೊಡುತ್ತಿದ್ದರು. 2016ರಲ್ಲಿ ಮೇಲಿನ ನ್ಯಾಯಮಂಡಲಿಯು ಇದು ಷರತ್ತಿನ ಉಲ್ಲಂಘನೆಯೆಂದು ತೀರ್ಮಾನಿಸಿತು. ಸರಕಾರವು ಕೊಟ್ಟ ತೊಂಬತ್ತು ರಾತ್ರಿಗಳನ್ನು ಕಟ್ಟಡದ ಪತ್ರವು ಹೀಗೆ ಸೊನ್ನೆ ಮಾಡಬಲ್ಲುದು.

ಲಂಡನ್ನನ್ನು ಬಿಟ್ಟು ಬೇರೆ ಊರುಗಳ ಕಡೆಗೂ ಸ್ವಲ್ಪ ನೋಡೋಣ. ಆಮ್‌ಸ್ಟರ್‌ಡ್ಯಾಮ್ ನಗರವು ಮೊದಲು 60 ರಾತ್ರಿ ಎಂದಿತು. 2019ರ ಜನವರಿಯಿಂದ ಅದನ್ನು 30ಕ್ಕೆ ಇಳಿಸಿತು. 2020ರ ಜುಲೈಯಲ್ಲಿ ನಗರದ ಹಳೆಯ ಭಾಗದ ಮೂರು ಬಡಾವಣೆಗಳಲ್ಲಿ ಪೂರ್ತಿ ನಿಷೇಧವನ್ನೇ ತಂದಿತು. ಮರುವರ್ಷ ಮಾರ್ಚಿಯಲ್ಲಿ ನ್ಯಾಯಾಲಯವು ಅಂಥ ನಿಷೇಧಕ್ಕೆ ಕಾನೂನಿನ ಆಧಾರವಿಲ್ಲವೆಂದು ಅದನ್ನು ತಳ್ಳಿಹಾಕಿತು. ಪ್ಯಾರಿಸ್ ನಗರವು ಸ್ವಂತ ವಾಸದ ಮನೆಗೆ 120 ಎಂದಿದ್ದುದನ್ನು 2025ರ ಜನವರಿಯಿಂದ 90 ಮಾಡಿತು. ಐಸ್‌ಲೆಂಡ್ ದೇಶವು 2017ರಲ್ಲಿ ರಾತ್ರಿಯೊಡನೆ ಹಣವನ್ನೂ ಎಣಿಸಿತು: 90 ದಿನ, ಇಲ್ಲವೆ 20 ಲಕ್ಷ ಕ್ರೋನಾ, ಯಾವುದು ಮೊದಲು ತುಂಬುವುದೋ ಅದು.

ಜಪಾನಿನ ಕಥೆ ಹೆಚ್ಚು ಸ್ವಾರಸ್ಯವಾದುದು. 2018ರ ಜೂನ್ 15ರಂದು ಅಲ್ಲಿ ಜಾರಿಗೆ ಬಂದ ಖಾಸಗಿ ವಸತಿಯ ಕಾನೂನು ಇಡೀ ದೇಶಕ್ಕೆ 180 ದಿನ ಎಂದಿತು. ವರ್ಷವನ್ನು ಏಪ್ರಿಲ್ 1ರ ಮಧ್ಯಾಹ್ನದಿಂದ ಮುಂದಿನ ಏಪ್ರಿಲ್ 1ರ ಮಧ್ಯಾಹ್ನದವರೆಗೆ ಎಣಿಸಬೇಕು. ಎರಡು ತಿಂಗಳಿಗೊಮ್ಮೆ ಆತಿಥೇಯನು ಲೆಕ್ಕ ಒಪ್ಪಿಸಬೇಕು. ಅರ್ಧ ವರ್ಷ ಮೀರಿದರೆ ಅದು ಮನೆಯಲ್ಲ, ಹೋಟೆಲು. ಹೋಟೆಲಿನ ಪರವಾನಗಿ ಪಡೆಯಲಿ ಎಂಬುದು ಅವರ ತರ್ಕ. ಕಾನೂನು ಬರುವ ಎರಡು ವಾರ ಮುಂಚೆ, ನೋಂದಣಿಯ ಸಂಖ್ಯೆ ಇಲ್ಲದ ಮನೆಗಳನ್ನೆಲ್ಲ ಏರ್‌ಬಿಎನ್‌ಬಿ ತನ್ನ ಪಟ್ಟಿಯಿಂದ ತೆಗೆದುಹಾಕಿತು. ಸುಮಾರು ಐದರಲ್ಲಿ ನಾಲ್ಕು ಪಾಲು ಮನೆಗಳು ಮಾಯವಾದುವು. ಸ್ಥಳೀಯ ಸರಕಾರಗಳು ಇನ್ನೂ ಬಿಗಿ ಮಾಡಬಹುದೆಂದು ಕಾನೂನಿನಲ್ಲಿಯೇ ಇತ್ತು. ಕ್ಯೋಟೋ ನಗರವು ವಾಸದ ಬಡಾವಣೆಗಳಲ್ಲಿ ಜನವರಿ 15ರಿಂದ ಮಾರ್ಚಿ ಮಧ್ಯದವರೆಗೆ ಮಾತ್ರ ಎಂದಿತು. ಕ್ಯೋಟೋವಿಗೆ ಜನ ಬರುವುದು ವಸಂತದ ಚೆರಿ ಹೂವಿಗೆ, ಶರತ್ಕಾಲದ ಕೆಂಪೆಲೆಗೆ. ಈ ಎರಡು ತಿಂಗಳಲ್ಲಿ ಎರಡೂ ಇಲ್ಲ. ಆತಿಥೇಯನಿಗೆ ರಾತ್ರಿಗಳನ್ನು ಕೊಟ್ಟರು, ಅತಿಥಿ ಬಾರದ ರಾತ್ರಿಗಳನ್ನು ಆರಿಸಿ ಕೊಟ್ಟರು! ಆದರೆ ಒಡೆಯನು ಅದೇ ಮನೆಯಲ್ಲಿ ವಾಸವಾಗಿದ್ದರೆ, ಷರತ್ತುಗಳಿಗೆ ಒಳಪಟ್ಟು, ಈ ಕಟ್ಟು ಅವನಿಗಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಎಣಿಸುವವರು ಯಾರು ಎಂಬುದು ಬೇರೊಂದು ತೊಡಕು. ಲಂಡನ್ನಿನಲ್ಲಿ ಒಂದು ಜಾಲತಾಣ ತೊಂಬತ್ತಕ್ಕೆ ಬೀಗ ಹಾಕಿದರೆ, ಆತಿಥೇಯನು ಅದೇ ಮನೆಯನ್ನು ಇನ್ನೊಂದು ತಾಣದಲ್ಲಿ ಹಾಕಬಹುದು; ಇದರ ಲೆಕ್ಕ ಅದಕ್ಕೆ ತಿಳಿಯದು. ಕೌನ್ಸಿಲಿನವರು ಮನೆಮನೆಗೆ ಹೋಗಿ ಯಾವ ರಾತ್ರಿ ಯಾರು ಮಲಗಿದ್ದರೆಂದು ಕೇಳಲು ಸಾಧ್ಯವೆ? ಹತ್ತು ಮನೆಗಳನ್ನು ನಡೆಸುವ ವ್ಯಾಪಾರಿಗೆ ಇಂಥ ಉಪಾಯಗಳೆಲ್ಲ ಗೊತ್ತು. ಒಂದೇ ಮನೆಯುಳ್ಳ ಗೃಹಸ್ಥನು ಬೀಗ ಬಿದ್ದ ದಿನವೇ ನಿಲ್ಲಿಸಿಬಿಡುವನು. ನಿಯಮದ ಭಾರವೆಲ್ಲ ಅದನ್ನು ಪಾಲಿಸುವವನ ಮೇಲೆ ಬಿದ್ದುದು ನಮಗೆ ಹೊಸತಲ್ಲ. ಫ್ರಾನ್ಸಿನಲ್ಲಿ ಜಾಲತಾಣವನ್ನೇ ಹೊಣೆ ಮಾಡಿದರು. ನೋಂದಣಿ ಸಂಖ್ಯೆಯಿಲ್ಲದ ಸುಮಾರು ಸಾವಿರ ಪ್ರಕಟಣೆಗಳಿಗಾಗಿ 2021ರಲ್ಲಿ ಪ್ಯಾರಿಸಿನ ನ್ಯಾಯಾಲಯವೊಂದು ಏರ್‌ಬಿಎನ್‌ಬಿಗೆ 80 ಲಕ್ಷ ಯೂರೋಗೂ ಮೇಲ್ಪಟ್ಟು ದಂಡ ವಿಧಿಸಿತು. ಅಲ್ಪಾವಧಿ ಬಾಡಿಗೆಯ ನೋಂದಣಿ ಸಂಖ್ಯೆಗಳನ್ನೂ ರಾತ್ರಿಗಳ ಲೆಕ್ಕವನ್ನೂ ಜಾಲತಾಣಗಳು ಸರಕಾರಕ್ಕೆ ಒಪ್ಪಿಸಬೇಕೆಂದು ಐರೋಪ್ಯ ಒಕ್ಕೂಟವು 2024ರಲ್ಲಿ ನಿಯಮ ಮಾಡಿ, 2026ರ ಮೇ 20ರಿಂದ ಅದು ಅನ್ವಯವಾಗಬೇಕೆಂದು ಗೊತ್ತುಪಡಿಸಿತು.

ಇಷ್ಟು ದೂರದ ಊರುಗಳ ವಿಷಯ ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ನನ್ನ ಊರು ಮಲೆನಾಡಿನ ಕಾಫಿ ತೋಟಗಳ ನಡುವೆ ಇದೆ. ನನ್ನ ತಾಯಿ ಅಲ್ಲಿಯ ಒಂದು ಹೋಮ್‌ಸ್ಟೇಯಲ್ಲಿ ಅಡಿಗೆ ಮಾಡುತ್ತಾಳೆ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಕೆಲಸ. ಸಾಲು ರಜ ಬಂದರೆ ಹೆಚ್ಚು ಕೂಲಿ. ಜುಲೈ ಮಳೆಯಲ್ಲಿ ದಾರಿ ಕುಸಿದರೆ ಏನೂ ಇಲ್ಲ. ನನ್ನ ಪರೀಕ್ಷೆಯ ಶುಲ್ಕ ಆ ಒಲೆಯಿಂದ ಬಂದುದು. ಲಂಡನ್ನಿನ ನಿಯಮವನ್ನು ಅವಳಿಗೆ ವಿವರಿಸಿದಾಗ ಅವಳು ಕೇಳಿದ್ದು ಒಂದೇ: “ಮನೆಯೋರಿಗೆ ತೊಂಬತ್ತು ರಾತ್ರಿ ಅಂದ್ರೆ, ಅಡಿಗೆಯೋಳಿಗೆ ಎಷ್ಟು ದಿನ ಮಗಾ?” 1973ರ ಶಾಸನದಲ್ಲಿಯೂ 2015ರ ಶಾಸನದಲ್ಲಿಯೂ ಇದಕ್ಕೆ ಉತ್ತರವಿಲ್ಲ.

ಆದರೆ ಇದೇ ನಾಣ್ಯದ ಇನ್ನೊಂದು ಮುಖವನ್ನೂ ನಾವು ಕಂಡಿದ್ದೇವೆ. ನಾನು ಈ ಕಾಲೇಜಿಗೆ ಸೇರಿದ ವರ್ಷ ನಾನೂ ತಾಯಿಯೂ ಪಟ್ಟಣದಲ್ಲಿ ಒಂದು ಕೋಣೆಗಾಗಿ ಅಲೆದೆವು. ಹಿಂದೆ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಎರಡು ಮನೆಗಳವರು ಈಗ ವಾರದ ಕೊನೆಗೆ ಬರುವ ಪ್ರವಾಸಿಗಳಿಗೆ ಕೊಡುತ್ತಿದ್ದರು. “ತಿಂಗಳಿಗೆ ನೀವು ಕೊಡೋದನ್ನ ಅವರು ಎರಡು ರಾತ್ರೀಲಿ ಕೊಡ್ತಾರಮ್ಮ” ಎಂದು ಒಬ್ಬರು ಸಂಕೋಚದಿಂದಲೇ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂರು ವರ್ಷವೂ ನಾನು ಬಸ್ಸಿನಲ್ಲಿಯೇ ಬಂದುಹೋದೆ. ತಾಯಿಗೆ ಅನ್ನ ಕೊಟ್ಟ ವ್ಯಾಪಾರವೇ ಮಗುವಿಗೆ ಕೋಣೆ ಇಲ್ಲದಂತೆ ಮಾಡಿತು. ನಮ್ಮ ಮನೆಯಲ್ಲಿ ಇದನ್ನು ಸರಿಯೆಂದೂ ತಪ್ಪೆಂದೂ ಒಂದೇ ಮಾತಿನಲ್ಲಿ ಹೇಳಬಲ್ಲವರಿಲ್ಲ.

ನಮ್ಮ ದೇಶದಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಯೋಜನೆಯು ರಾತ್ರಿಯನ್ನು ಎಣಿಸಲಿಲ್ಲ, ಕೋಣೆಯನ್ನು ಎಣಿಸಿತು. ಒಂದರಿಂದ ಆರು ಕೋಣೆ, ಹೆಚ್ಚೆಂದರೆ ಹನ್ನೆರಡು ಹಾಸಿಗೆ; ಒಡೆಯನ ಕುಟುಂಬ ಅಲ್ಲಿಯೇ ವಾಸವಾಗಿರಬೇಕು. ಈ ಕೊನೆಯ ಷರತ್ತೇ ಮುಖ್ಯವಾದುದೆಂದು ನನ್ನ ಅಭಿಪ್ರಾಯ. 2021ರಲ್ಲಿ ಪ್ರಕಟವಾದ ಮೂವರು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಮೆರಿಕದಲ್ಲಿ ಏರ್‌ಬಿಎನ್‌ಬಿ ಮನೆಗಳು ಶೇಕಡ 1ರಷ್ಟು ಹೆಚ್ಚಿದರೆ ಆ ಪ್ರದೇಶದ ಬಾಡಿಗೆ ಶೇಕಡ 0.018ರಷ್ಟು ಏರುವುದೆಂದು ಕಂಡಿತು. ಒಂದು ಶೇಕಡಕ್ಕೆ ಇದು ಅಲ್ಪ. ಮನೆಗಳು ವರ್ಷದಿಂದ ವರ್ಷಕ್ಕೆ ಎರಡರಷ್ಟು, ಮೂರರಷ್ಟು ಆದಾಗ ಅಲ್ಪವಲ್ಲ. ಅವರು ಕಂಡ ಇನ್ನೊಂದು ಸಂಗತಿ: ಒಡೆಯರೇ ವಾಸವಾಗಿರುವ ಮನೆಗಳು ಹೆಚ್ಚಿರುವ ಬಡಾವಣೆಗಳಲ್ಲಿ ಈ ಏರಿಕೆ ಕಡಿಮೆ. ಬಾಡಿಗೆಯನ್ನು ಏರಿಸುವುದು ಅತಿಥಿ ಬಂದುದಲ್ಲ, ಒಡೆಯನು ಅಲ್ಲಿಲ್ಲದಿರುವುದು.

ಸಂಖ್ಯೆಯನ್ನು 60ರಿಂದ 30ಕ್ಕೆ, 120ರಿಂದ 90ಕ್ಕೆ ಇಳಿಸುತ್ತ ಹೋಗುವವರು ಇದನ್ನು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಇಳಿಸಿದಂತೆಲ್ಲ ಪೆಟ್ಟು ಬೀಳುವುದು ಮೊದಲೇ ನಿಯಮಕ್ಕೆ ಅಂಜಿದವನಿಗೆ. ಈ ವ್ಯಾಪಾರ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2015ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮವೇ ನನಗೆ ಹೆಚ್ಚು ಮೆಚ್ಚುಗೆಯಾದುದು. ಆತಿಥೇಯನು ಆ ಮನೆಯ ಖಾಯಂ ವಾಸಿಯಾಗಿರಬೇಕು, ವರ್ಷಕ್ಕೆ 275 ರಾತ್ರಿಯಾದರೂ ಅಲ್ಲಿ ಮಲಗಬೇಕು. ಅವನು ಮನೆಯಲ್ಲಿರುವಾಗ ಅತಿಥಿಯನ್ನು ಇರಿಸಿಕೊಳ್ಳುವುದಕ್ಕೆ ರಾತ್ರಿಗಳ ಮಿತಿಯಿಲ್ಲ. ಅವನಿಲ್ಲದಾಗ ಕೊಡುವುದಕ್ಕೆ 90. ಮುನ್ನೂರ ಅರವತ್ತೈದರಲ್ಲಿ 275ನ್ನು ಕಳೆದರೆ ಉಳಿಯುವುದೂ 90.